ಒಂದು, ಎರಡು, ಬಿಡು

ನಗಬಾರದು. ಕೇಸು ಸೋತವರು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗಬಾರದು. ಆದರೆ ನಮ್ಮತ್ತೆ ನಕ್ಕಳು. ನಾಲ್ಕು ಬೆರಳು ಹೋದವಳೇ ನಗುವಾಗ ಹತ್ತೂ ಇರುವ ನಾನು ಅಳುವುದು ಸರಿಯಲ್ಲ ಎಂದು ನಾನೂ ನಕ್ಕೆ. ಕಪ್ಪು ಕೋಟಿನ ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ ನಮ್ಮ ವಕೀಲಮ್ಮ, ಇವರಿಗೆ ತಲೆ ಕೆಟ್ಟಿತೇ ಎಂದು ನೋಡಿದಳು. ಕೆಟ್ಟಿರಲಿಲ್ಲ. ಆವತ್ತೇ ನೆಟ್ಟಗಾಗಿದ್ದು.

ಮೊದಲಿನಿಂದ ಹೇಳುತ್ತೇನೆ.

ನಾವು ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವವರು. ನೆಲಮಾಳಿಗೆಯಲ್ಲಿ ಒಂಬತ್ತು ಹೆಂಗಸರು, ಬಾಯ್ಲರ್ ನೋಡಿಕೊಳ್ಳುವ, ಎಲ್ಲರೂ ಮಾವ ಎಂದು ಕರೆಯುವ ಒಬ್ಬ ಮುದುಕ. ಆಸ್ಪತ್ರೆಗೆ ಮುಂಬಾಗಿಲು ಇದೆ, ನಮಗಲ್ಲ. ಹೆಣ ಮತ್ತು ಕಸ ಹೊರಗೆ ಹೋಗುವ ಬಾಗಿಲಿನಿಂದ ನಾವು ಒಳಗೆ ಬರುತ್ತೇವೆ. ಲಿಫ್ಟು ಹತ್ತುವಂತಿಲ್ಲ, ನಮ್ಮ ಮೈ ವಾಸನೆಯಂತೆ. ಹೌದು, ವಾಸನೆಯೇ. ಆದರೆ ಅದು ನಮ್ಮದಲ್ಲ, ಮೇಲಿನವರದು. ಹೆತ್ತವರ, ಸತ್ತವರ, ಕಕ್ಕಿಕೊಂಡವರ ಬಟ್ಟೆಯೆಲ್ಲ ಕೊಳವೆಯಲ್ಲಿ ಜಾರಿ ನಮ್ಮ ಕಾಲ ಬುಡಕ್ಕೆ ಬೀಳುತ್ತದೆ. ರಕ್ತಕ್ಕೆ ತಣ್ಣೀರು, ಹೇಲಿಗೆ ಬಿಸಿನೀರು, ಉಳಿದದ್ದಕ್ಕೆಲ್ಲ ಬ್ಲೀಚು. ನಮ್ಮ ಬೆರಳ ತುದಿಗಳಲ್ಲಿ ಗೆರೆಗಳಿಲ್ಲ, ತಿಂದುಹೋಗಿವೆ. ಹಾಜರಿಗೆಂದು ಬೆರಳ ಗುರುತಿನ ಯಂತ್ರ ತಂದಾಗ ಅದು ನಮ್ಮಲ್ಲಿ ಒಬ್ಬಳನ್ನೂ ಮನುಷ್ಯಳೆಂದು ಒಪ್ಪಲಿಲ್ಲ. ಮತ್ತೆ ರಿಜಿಸ್ಟರು ಬಂತು, ಹೆಸರು ಕೂಗಲು ಗುಮಾಸ್ತ ಬಂದ.

ಇರುವುದರಲ್ಲಿ ಕಷ್ಟದ ಕೆಲಸ ಉರುಳೆಯದು. ಎರಡು ದಪ್ಪ ಉಕ್ಕಿನ ಉರುಳೆಗಳು, ಒಳಗೆ ಹಬೆ. ಒದ್ದೆ ಶೀಟಿನ ಎರಡು ಮೂಲೆಯನ್ನು ಇಬ್ಬರು ಹಿಡಿದು ನಡುವೆ ಕೊಟ್ಟರೆ ಅದು ಎಳೆದುಕೊಂಡು, ಒಣಗಿಸಿ, ಇಸ್ತ್ರಿ ಮಾಡಿ ಆ ಕಡೆ ಉಗುಳುತ್ತದೆ. ಬೆರಳು ಒಳಗೆ ಹೋಗದಂತೆ ಮುಂದೆ ಒಂದು ಕಂಬಿ ಇತ್ತಂತೆ. ನಾನು ಸೇರುವ ಮೊದಲೇ ಮುರಿದಿತ್ತು. ಹೊಸ ಕಂಬಿ ಬೇಕೆಂದು ಕೊಟ್ಟ ಅರ್ಜಿ ಹೋದಲ್ಲೇ ಇದೆ. ಅದಕ್ಕೇ ನಮ್ಮವರು ಬಾಯಿಯನ್ನೇ ಕಂಬಿ ಮಾಡಿಕೊಂಡಿದ್ದರು. ಎಡಗಡೆ ನಿಂತವಳು ಕೂಗುತ್ತಾಳೆ. ಒಂದು, ಮೂಲೆ ಹಿಡಿ. ಎರಡು, ಒಳಗೆ ಕೊಡು. ಬಿಡು, ಕೈ ಬಿಡು. ಬಲಗಡೆಯವಳು ಬಟ್ಟೆ ಮಡಿಕೆ ಬೀಳದಂತೆ ನೋಡಿಕೊಳ್ಳುತ್ತಾಳೆ. ಅವಳ ಕಣ್ಣು ಬಟ್ಟೆಯ ಮೇಲೆ, ಕಿವಿ ಎಡಗಡೆಗೆ. ಹಬೆಯಲ್ಲಿ ಅವಳಿಗೆ ಅವಳ ಬೆರಳೇ ಕಾಣುವುದಿಲ್ಲ. ಕೇಳಿಯೇ ಬಿಡಬೇಕು. ನಿಮಿಷಕ್ಕೆ ನಾಲ್ಕು ಶೀಟು.

ಎಡಗಡೆ ನಾನು, ಬಲಗಡೆ ಅತ್ತೆ. ಮನೆಯಲ್ಲಿ ಅವಳು ಹೇಳಿದ್ದಕ್ಕೆ ನಾನು ತಲೆಯಾಡಿಸಬೇಕು, ಇಲ್ಲಿ ನಾನು ಕೂಗಿದ್ದನ್ನು ಅವಳು ಕೇಳಬೇಕು. ಸೊಸೆ ಬಿಡು ಅಂದ ತಕ್ಷಣ ಅತ್ತೆ ಬಿಡುವ ಜಾಗ ಲೋಕದಲ್ಲಿ ಇದೊಂದೇ ಎಂದು ಬಾಯ್ಲರ್ ಮಾವ ದಿನಾ ನಗುತ್ತಿದ್ದ. ಹನ್ನೊಂದು ವರ್ಷ ಹೀಗೆ ಮಾಡಿದೆವು. ಅವಳಿಗೆ ಒಂದು ಗೀರೂ ಆಗಿರಲಿಲ್ಲ.

ಆಮೇಲೆ ಹೊಸ ಆಡಳಿತಾಧಿಕಾರಿ ಬಂದ. ನಮ್ಮ ತಲೆಯ ಮೇಲಿದ್ದ ಗೋದಾಮು ಖಾಲಿ ಮಾಡಿಸಿ ತನ್ನ ಕೋಣೆ ಮಾಡಿಕೊಂಡ. ಅಲ್ಲಿ ಚಳಿಗಾಲದಲ್ಲೂ ನೆಲ ಬೆಚ್ಚಗಿರುತ್ತದೆ, ನಮ್ಮ ಹಬೆಯ ಪುಣ್ಯ. ನಮ್ಮ ಬಿಸಿ ಬೇಕು, ನಮ್ಮ ಸದ್ದು ಬೇಡ. ಒಂದು ದಿನ ಇಳಿದು ಬಂದು, ಬಾಗಿಲಲ್ಲೇ ನಿಂತು, ತುಟಿಯ ಮೇಲೆ ಬೆರಳಿಟ್ಟು ‘ಉಶ್’ ಅಂದ. ಅಷ್ಟೇ ಅಂದಿದ್ದು. ಆ ಗಳಿಗೆಯಿಂದ ಅವನು ನಮಗೆ ಉಶ್ ಸಾಹೇಬ. ಮಾರನೆಯ ದಿನ ಗುಮಾಸ್ತ ಬಂದು ಉರುಳೆಯ ಎದುರಿನ ಗೋಡೆಗೆ ಒಂದು ಬೋರ್ಡು ಹೊಡೆದ. ‘ನಿಶ್ಶಬ್ದ. ಕೆಲಸದ ವೇಳೆಯಲ್ಲಿ ಯಾರೂ ಬಾಯಿ ತೆರೆಯತಕ್ಕದ್ದಲ್ಲ. ಆದೇಶದ ಮೇರೆಗೆ.’ ಯಾರ ಆದೇಶ ಎಂದು ಬರೆದಿರಲಿಲ್ಲ. ಸಹಿ ಇರಲಿಲ್ಲ.

ಕೂಗದೆ ಹೋದರೆ ಬೆರಳು ಹೋಗುತ್ತದೆ ಎಂದು ಅತ್ತೆ ಗುಮಾಸ್ತನಿಗೆ ತಿಳಿಸಿ ಹೇಳಿದಳು. ಅವನು ಮೇಲೆ ಹೋಗಿ ಕೇಳಿಕೊಂಡು ಬಂದ. ಹುಷಾರಾಗಿ ಕೆಲಸ ಮಾಡಲಿ, ಬಾಯಿ ತೆರೆದವರು ನಾಳೆಯಿಂದ ಬರುವುದೇ ಬೇಡ ಎಂದು ಉತ್ತರ ಬಂತು.

ಮೂರನೆಯ ದಿನ. ಆಪರೇಷನ್ ಕೋಣೆಯ ಶೀಟು. ಅದರ ಅಂಚಿಗೆ ಕಟ್ಟುವ ಲಾಡಿ ಇರುತ್ತದೆ. ಲಾಡಿ ಅತ್ತೆಯ ಬೆರಳಿಗೆ ಸುತ್ತಿಕೊಂಡಿತ್ತು. ನಾನು ನೋಡಿದೆ. ಬಾಯಿ ತೆರೆದೆ. ಎದುರಿಗೆ ಬೋರ್ಡು. ಬಾಯಿ ಮುಚ್ಚಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಕೈ ಒಳಗಿತ್ತು. ಆಮೇಲೆ ಕೂಗಿದೆ, ಕಟ್ಟಡ ಕುಸಿಯುವ ಹಾಗೆ ಕೂಗಿದೆ. ಸ್ವಿಚ್ಚಿನ ಹತ್ತಿರ ಇರುವ ಅಕ್ಕ ಕೆಂಪು ಗುಂಡಿ ಒತ್ತಿದಳು. ಮೇಲಿನಿಂದ ನೆಲಕ್ಕೆ ಬೂಟು ಬಡಿದ ಸದ್ದು ಬಂತು. ಟಕ್, ಟಕ್, ಟಕ್. ಸುಮ್ಮನಿರಿ ಎಂದು.

ಅತ್ತೆ ಮಾತ್ರ ಕೂಗಲಿಲ್ಲ. ಎಡತೋಳನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದಳು. ಆ ಹಲ್ಲಿನ ಗುರುತು ಈಗಲೂ ಇದೆ. ಬಲಗೈಯಲ್ಲಿ ಹೆಬ್ಬೆರಳು ಉಳಿಯಿತು.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ದಯೆ ತೋರಿಸಿ ಸ್ವಿಚ್ಚಿಗೆ ಹಾಕಿದರು. ಕಪ್ಪು ಗುಂಡಿ ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ, ಅದಕ್ಕೆ ಹೆಬ್ಬೆರಳು ಸಾಕಲ್ಲ. ಸ್ವಿಚ್ಚಿನ ಅಕ್ಕ ನನ್ನ ಬಲಗಡೆಗೆ ಬಂದಳು. ಮೇಲೆ ಕೇಳಿಸದ ಹಾಗೆ ಅವಳಿಗಷ್ಟೇ ಎಣಿಸುತ್ತಿದ್ದೆ, ದನಿ ಏರಿದರೆ ಮೇಲಿನಿಂದ ಟಕ್ ಟಕ್. ನಾನು ರಾತ್ರಿ ಹಗಲು ಒಂದೇ ಕೊರಗು ಕೊರಗಿದೆ. ಬಾಯಿ ಮುಚ್ಚಿದ್ದು ನಾನು. ಒಂದು ದಿನ ಅನ್ನ ಬಡಿಸುತ್ತಾ ಅದನ್ನು ಅವಳಿಗೆ ಹೇಳಿಬಿಟ್ಟೆ. ಅವಳು ಎಡಗೈಯಲ್ಲಿ ತುತ್ತು ಕಲಸುತ್ತಾ ಅಂದಳು:

“ನೀನಲ್ಲ ಕಣೇ. ನಿನ್ನ ಬಾಯಿ ಮುಚ್ಚಿಸಿದ್ದು ಯಾರು ಅಂತ ಅವನ ಬಾಯಿಂದ್ಲೇ ಕೇಳ್ಬೇಕು ನಾನು. ಅಷ್ಟು ಸಾಕು ನಂಗೆ.”

ಬೇರೇನೂ ಬೇಡವಾಗಿತ್ತು ಅವಳಿಗೆ. ಅವನು ನಾಲ್ಕು ಜನರ ಮುಂದೆ ನಿಂತು, ಆ ಆದೇಶ ಯಾರದು ಎಂದು ಹೇಳಬೇಕು. ಅದಕ್ಕೆ ಕೋರ್ಟು ಬೇಕೆಂದು ನಾವು ನಂಬಿದ್ದೆವು, ಪಾಪ.

ಸರ್ಕಾರಿ ಅಧಿಕಾರಿಯ ಮೇಲೆ ಕೇಸು ಹಾಕುವ ಮೊದಲು ಇಲಾಖೆಯ ಅನುಮತಿ ಬೇಕಂತೆ. ನಮ್ಮ ಆಸ್ಪತ್ರೆಯಲ್ಲಿ ಇಲಾಖೆ ಎಂದರೆ ಯಾರು? ಅವನೇ. ನಿಮ್ಮ ಮೇಲೆ ಕೇಸು ಹಾಕಬಹುದೇ ಸ್ವಾಮಿ ಎಂದು ಅವನಿಗೇ ಅರ್ಜಿ ಕೊಟ್ಟೆವು. ಅವನೇ ಸ್ವೀಕರಿಸಿದ, ಅವನೇ ಪರಿಶೀಲಿಸಿದ, ಸಾಧ್ಯವಿಲ್ಲವೆಂದು ಅವನೇ ಬರೆದ. ಕೆಳಗೆ, ಶೀಘ್ರ ಗುಣಮುಖರಾಗಲೆಂಬ ಹಾರೈಕೆ ಬೇರೆ. ಬೆರಳು ಮತ್ತೆ ಚಿಗುರುತ್ತದೆ ಅಂದುಕೊಂಡನೋ ಏನೋ. ವಕೀಲಮ್ಮ ಚಿಕ್ಕ ಹುಡುಗಿ, ಹಟಮಾರಿ. ಅನುಮತಿ ಇಲ್ಲದೆಯೇ ಕೇಸು ಹಾಕಿದಳು.

ಕೋರ್ಟಿನಲ್ಲಿ ನಮ್ಮ ಸರದಿ ಏಳು ನಿಮಿಷದಲ್ಲಿ ಮುಗಿಯಿತು. ಉಶ್ ಸಾಹೇಬ ಬಂದೇ ಇರಲಿಲ್ಲ. ಅವನ ಪರವಾಗಿ ಸರ್ಕಾರಿ ವಕೀಲ ಎದ್ದು ನಿಂತ. ಆದೇಶ ಯಾರದೇ ಇರಲಿ, ಸದ್ಭಾವನೆಯಿಂದ ಮಾಡಿದ್ದು. ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲಾಗಲಿ ಇಲಾಖೆಯ ಮೇಲಾಗಲಿ ದಾವೆ ನಡೆಯುವುದಿಲ್ಲ. ದಾವೆಯೇ ನಡೆಯದ ಮೇಲೆ ಆದೇಶ ಯಾರದೆಂದು ಹೇಳುವ ಅಗತ್ಯವೂ ಇಲ್ಲ ಎಂದ. ಕೂರುವ ಮುಂಚೆ ಇನ್ನೊಂದು ಮಾತು ಸೇರಿಸಿದ. ಈ ಹೆಂಗಸು ಕೈ ಸಿಕ್ಕಾಗ ಕೂಗಲೇ ಇಲ್ಲವಂತೆ, ಕೂಗಿದ್ದರೆ ಯಂತ್ರ ಇನ್ನೂ ಬೇಗ ನಿಲ್ಲುತ್ತಿತ್ತು, ಇದು ಇವಳದೇ ಅಜಾಗರೂಕತೆ ಎಂದ. ನ್ಯಾಯಾಧೀಶರು ತಲೆಯಾಡಿಸಿ ಬರೆದರು. ಅತ್ತೆ ಅವರ ಮುಖ ನೋಡಲಿಲ್ಲ, ಅವರ ಮೇಜಿನ ಮೇಲಿದ್ದ ಹಸಿರು ಬಟ್ಟೆಯನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ, ಇಸ್ತ್ರಿ ಸರಿಯಾಗಿಲ್ಲ, ಒಂದು ಅಂಚು ಮಡಚಿಕೊಂಡಿದೆ ಎಂದಳು.

ಆಮೇಲೆ ಮೆಟ್ಟಿಲು. ಸದ್ಭಾವನೆ ಅಂದರೇನು ಎಂದು ಅತ್ತೆ ಕೇಳಿದಳು. ಒಳ್ಳೆಯ ಮನಸ್ಸು ಎಂದು ವಕೀಲಮ್ಮ ಹೇಳಿದಳು.

“ಓ. ಒಳ್ಳೇ ಮನಸ್ಸಿಂದ ಹೋಯ್ತಾ ನನ್ನ ಬೆರಳು,” ಅಂದಳು ಅತ್ತೆ. “ನಾನು ಸುಮ್ನೆ ಬೇಜಾರು ಮಾಡ್ಕೊಂಡಿದ್ದೆ.”

ನಗು ಅಲ್ಲಿಂದ ಹತ್ತಿಕೊಂಡಿತು. ಇಬ್ಬರಿಗೂ ತಡೆಯಲಾಗಲಿಲ್ಲ. ಪೊಲೀಸಿನವನು ಎರಡು ಸಲ ಬಂದು ಗದರಿಸಿ ಹೋದ. ವಕೀಲಮ್ಮ ಬೇರೇನು ಮಾಡಲೂ ತೋಚದೆ ಪುಸ್ತಕ ತೆಗೆದು ಆ ಕಾನೂನನ್ನು ಪೂರ್ತಿ ಓದಿ ಹೇಳತೊಡಗಿದಳು. ಅಧಿಕಾರಿಯ ಮೇಲೆ ದಾವೆ ಇಲ್ಲ, ಇಲಾಖೆಯ ಮೇಲೆ ದಾವೆ ಇಲ್ಲ, ಅಧಿಕಾರಿಯ ಆದೇಶವನ್ನು ಪಾಲಿಸಿದವರ ಮೇಲೂ ದಾವೆ ಇಲ್ಲ. ಅಲ್ಲಿಗೆ ಅತ್ತೆಯ ನಗು ನಿಂತಿತು.

“ಪಾಲಿಸಿದವರು ಅಂದ್ರೆ ಯಾರು?”

“ಕೆಳಗಿನ ನೌಕರರು,” ವಕೀಲಮ್ಮ ಹೇಳಿದಳು. “ನೀವೇ.”

ಅತ್ತೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. “ಹಾಗಾದ್ರೆ ಪಾಲಿಸೋಣ,” ಅಂದಳು.

ಸೋಮವಾರದಿಂದ ಪಾಲಿಸಿದೆವು. ಬೋರ್ಡಿನಲ್ಲಿ ಹೇಗೆ ಬರೆದಿತ್ತೋ ಹಾಗೆ, ಒಂದು ಅಕ್ಷರ ಕಡಿಮೆ ಇಲ್ಲದೆ. ಕೆಲಸದ ವೇಳೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಗುಮಾಸ್ತ ರಿಜಿಸ್ಟರು ಹಿಡಿದು ಹೆಸರು ಕೂಗಿದ. ಉತ್ತರವಿಲ್ಲ. ಒಂಬತ್ತು ಜನ ಅವನ ಮೂಗಿನ ಮುಂದೆಯೇ ನಿಂತಿದ್ದೆವು. ಒಂಬತ್ತೂ ಗೈರು ಎಂದು ಬರೆದುಕೊಂಡು ಹೋದ. ಆವತ್ತು ಗೈರಾದವರೇ ಸೇರಿ ಮುನ್ನೂರು ಶೀಟು ಒಗೆದೆವು. ಫೋನು ಬಂದರೆ ಎತ್ತಿ, ಕಿವಿಗಿಟ್ಟು, ಆ ಕಡೆಯವರು ಹಲೋ ಹಲೋ ಎಂದು ಸುಸ್ತಾಗುವವರೆಗೆ ಕೇಳಿ, ಮರ್ಯಾದೆಯಿಂದ ಇಡುತ್ತಿದ್ದೆವು. ಎರಡನೆಯ ದಿನಕ್ಕೆ ಗುಮಾಸ್ತನೂ ಪಿಸುಗುಟ್ಟತೊಡಗಿದ. ಮೂರನೆಯ ದಿನಕ್ಕೆ ಕೈಸನ್ನೆ ಕಲಿತ. ತಲೆದಿಂಬಿನ ಚೀಲ ಎಷ್ಟಿವೆ ಎಂದು ಕೇಳಲು ಅವನು ಕತ್ತು ವಾಲಿಸಿ, ಕಣ್ಣು ಮುಚ್ಚಿ, ಗೊರಕೆ ಹೊಡೆದು ತೋರಿಸಿದಾಗ ನಗು ತಡೆಯಲಾರದೆ ನಾನು ಒದ್ದೆ ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿದೆ.

ಹೆಚ್ಚು ಕಷ್ಟಪಟ್ಟವನು ಬಾಯ್ಲರ್ ಮಾವ. ಬಾಯ್ಲರಿಗೆ ಹಬೆ ಹೊರಬಿಡುವ ಕವಾಟ ಇದೆ, ಅವನಿಗೆ ಇರಲಿಲ್ಲ. ಮಧ್ಯಾಹ್ನ ಊಟದ ಗಂಟೆ ಹೊಡೆದೊಡನೆ ಹಿಂಬಾಗಿಲಿಗೆ ಓಡಿ, ಹೊರಗೆ ನಿಂತು, ಯಾರಿಗೂ ಅಲ್ಲದ ಹಾಗೆ ಹತ್ತು ನಿಮಿಷ ಒಂದೇ ಸಮನೆ ಮಾತಾಡಿ ಒಳಗೆ ಬರುತ್ತಿದ್ದ. ನಾನೂ ಅತ್ತೆಯೂ ಮನೆಗೆ ಹೋದ ಮೇಲೆ ಮಲಗುವ ತನಕ ವಟವಟ. ಕೆಲಸದ ಜಾಗದಲ್ಲೇ ಮಾತು ಮುಗಿಸಿಕೊಂಡು ಬರಬಾರದೇ ಎಂದು ನನ್ನ ಗಂಡ ತಲೆ ಮೇಲೆ ಕೈ ಹೊತ್ತು ಕೂತ.

ಉರುಳೆಯ ಹತ್ತಿರ ಮಾತ್ರ ಯಾರೂ ನಗಲಿಲ್ಲ. ಕೂಗುವಂತಿಲ್ಲವಾದ್ದರಿಂದ ಅಲ್ಲಿ ನೋಡಿಯೇ ಕೊಡಬೇಕು. ಮೂಲೆ ಹಿಡಿದು, ಯಂತ್ರ ನಿಲ್ಲಿಸಿ, ಹಬೆ ಆರಲು ಬಿಟ್ಟು, ಬೆರಳು ಎಣಿಸಿ, ತಲೆಯಾಡಿಸಿ, ಮತ್ತೆ ಓಡಿಸಿ. ನಿಮಿಷಕ್ಕೆ ನಾಲ್ಕಲ್ಲ, ನಾಲ್ಕು ನಿಮಿಷಕ್ಕೆ ಒಂದು. ರೋಗಿಗಳಿಗೆ ತೊಂದರೆ ಮಾಡಲಿಲ್ಲ. ಅವರೂ ನಮ್ಮಂಥವರೇ, ಮುಂಬಾಗಿಲಿನಿಂದ ಬಂದರು ಅಷ್ಟೇ. ವಾರ್ಡಿನ ಮತ್ತು ಆಪರೇಷನ್ ಕೋಣೆಯ ಶೀಟುಗಳನ್ನು ಮೊದಲು ಮುಗಿಸಿ, ಉರುಳೆಗೆ ಕೊಡಲಾಗದವನ್ನು ಕೈಯಲ್ಲೇ ಹಿಂಡಿ, ಹೊರಗೆ ಹಗ್ಗದ ಮೇಲೆ ಒಣಗಿಸಿ ಕಳಿಸಿದೆವು. ರಟ್ಟೆ ಬಿದ್ದುಹೋಯಿತು. ಉಳಿದದ್ದು ಸಾಹೇಬರ ಬಟ್ಟೆ. ಹೊಸ ಕಟ್ಟಡದ ಉದ್ಘಾಟನೆಗೆ ದೊಡ್ಡವರು ಯಾರೋ ಬರುವವರಿದ್ದರು. ಅದಕ್ಕೆ ಬಿಳಿ ಪರದೆ ಅರವತ್ತು, ಮೇಜಿನ ಹೊದಿಕೆ, ಕುರ್ಚಿಗಳ ಗವಸು. ಎಲ್ಲ ಒದ್ದೆಯಾಗಿ ಗಾಡಿಯಲ್ಲಿ ಗುಡ್ಡೆ ಬಿದ್ದಿತ್ತು.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಉಶ್ ಸಾಹೇಬ ಇಳಿದು ಬಂದ. ಹಿಂದೆ ರಿಜಿಸ್ಟರು ಹಿಡಿದ ಗುಮಾಸ್ತ. ಸಾಹೇಬ ಬಾಯಿ ತೆರೆದರೆ ಬರೆದುಕೊಳ್ಳುವುದು ಅವನ ಕೆಲಸ, ಪೆನ್ನು ಯಾವಾಗಲೂ ಕೈಯಲ್ಲೇ. ಪರದೆ ಎಲ್ಲಿ ಎಂದು ಸಾಹೇಬ ಕೇಳಿದ. ನಾವು ಗಾಡಿ ತೋರಿಸಿದೆವು. ಯಾಕೆ ಆಗಿಲ್ಲ ಎಂದು ಕೇಳಿದ. ಬೋರ್ಡು ತೋರಿಸಿದೆವು. ಅವನ ಕತ್ತು ಕೆಂಪಾಯಿತು. ಬಾಯಿ ಬಿದ್ದುಹೋಗಿದೆಯಾ, ಮಾತಾಡಿ ಎಂದು ಗದರಿಸಿದ. ಸ್ವಿಚ್ಚಿನ ಹತ್ತಿರ ನಿಂತಿದ್ದ ಅತ್ತೆ ಬಲಗೈ ಎತ್ತಿ, ಉಳಿದಿದ್ದ ಆ ಹೆಬ್ಬೆರಳನ್ನು ತುಟಿಯ ಮೇಲಿಟ್ಟು ಉಶ್ ಎಂದು ತೋರಿಸಿದಳು. ಸದ್ದು ಮಾಡಲಿಲ್ಲ.

ನಾನು ಒಂದು ಚೀಟಿಯ ಮೇಲೆ ಬರೆದು ಕೊಟ್ಟೆ: ಬೋರ್ಡಿನ ಆದೇಶ ರದ್ದು ಎಂದು ಸಹಿ ಮಾಡಿಕೊಡಿ, ಸಾಯಂಕಾಲದೊಳಗೆ ಅರವತ್ತೂ ಕೊಡುತ್ತೇವೆ. ಗುಮಾಸ್ತ ಪೆನ್ನು ಮುಂದೆ ಚಾಚಿದ. ಸಾಹೇಬ ಪೆನ್ನು ತೆಗೆದುಕೊಂಡ, ಕಾಗದಕ್ಕೆ ಮುಟ್ಟಿಸಿದ, ತಡೆದ. ಅವನು ದಡ್ಡನಲ್ಲ. ರದ್ದು ಮಾಡಿದರೆ ಆದೇಶ ಅವನದೆಂದು ಆಯಿತಲ್ಲ. ಪೆನ್ನು ವಾಪಸ್ ಕೊಟ್ಟ.

“ಒಂದು ಬಟ್ಟೆ ಹಿಡ್ಯೋಕೆ ಕೂಗಾಟ ಯಾಕೆ ಬೇಕು? ಸರಿಯಾಗಿ ನೋಡ್ಕೊಂಡು ಮಾಡಿದ್ರೆ ಆಯ್ತು. ತೋರಿಸ್ತೀನಿ ನೋಡಿ.”

ಮೊದಲು ಸ್ವಿಚ್ಚಿನಲ್ಲಿದ್ದ ಅಕ್ಕನನ್ನು ಪಕ್ಕಕ್ಕೆ ಸರಿಸಿ ಬಲಗಡೆ ನಿಂತ. ಅತ್ತೆಯ ಜಾಗದಲ್ಲಿ. ಕೋಟು ಬಿಚ್ಚಲಿಲ್ಲ, ಗಡಿಯಾರ ಬಿಚ್ಚಲಿಲ್ಲ. ನಾನು ಎಡಗಡೆ ನಿಂತೆ. ಅತ್ತೆ ಕಪ್ಪು ಗುಂಡಿ ಒತ್ತಿದಳು.

ಮೊದಲ ಪರದೆ ನೆಟ್ಟಗೆ ಹೋಯಿತು. ಸಾಹೇಬ ಗುಮಾಸ್ತನ ಕಡೆ ನೋಡಿ ಹುಬ್ಬು ಹಾರಿಸಿದ. ಎರಡನೆಯದೂ ಹೋಯಿತು. ಈಗ ಅವನಿಗೆ ಖುಷಿ ಹತ್ತಿತು. ಮೂರನೆಯದನ್ನು ತಾನೇ ಎಳೆದುಕೊಂಡ. ಪರದೆಗೂ ಲಾಡಿ ಇರುತ್ತದೆ. ಹಬೆಯಲ್ಲಿ ಅವನಿಗೆ ಕಾಣಲಿಲ್ಲ, ನನಗೆ ಕಂಡಿತು. ಲಾಡಿ ಗಡಿಯಾರದ ಪಟ್ಟಿಗೆ ಸುತ್ತಿಕೊಂಡಿತ್ತು.

ಬಾಯಿ ತೆರೆದೆ. ಎದುರಿಗೆ ಬೋರ್ಡು. ಮತ್ತೆ ಅದೇ ಕಣ್ಣು ಮಿಟುಕಿಸುವ ಹೊತ್ತು. ನಾನು ಕೂಗುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಅವನೇ ಕೂಗಿದ.

“ನಿಲ್ಸಿ! ಅಯ್ಯೋ! ಅಮ್ಮಾ, ನಿಲ್ಸಿ!”

ಯಂತ್ರ ಆಗಲೇ ನಿಂತಿತ್ತು. ಅತ್ತೆಯ ಹೆಬ್ಬೆರಳು ಮೊದಲ ಪರದೆಯಿಂದಲೂ ಕೆಂಪು ಗುಂಡಿಯ ಮೇಲೇ ಇತ್ತು. ಉರುಳೆ ತಿಂದದ್ದು ಮಣಿಕಟ್ಟಿನಿಂದ ಕಿತ್ತುಬಂದ ಗಡಿಯಾರವನ್ನು, ತೋಳಿನಿಂದ ಕಿತ್ತುಬಂದ ಎರಡು ಗುಂಡಿಯನ್ನು. ಬೆರಳಿಗೂ ಉಕ್ಕಿಗೂ ನಡುವೆ ಒಂದು ಗೇಣು ಉಳಿದಿತ್ತು. ಅವನ ಕೂಗು ಮಾತ್ರ ಇನ್ನೂ ಗೋಡೆಗಳಿಗೆ ಬಡಿಯುತ್ತಿತ್ತು.

ನಾವು ಒಂಬತ್ತು ಜನವೂ ಒಟ್ಟಿಗೆ ತಲೆಯೆತ್ತಿ ಚಾವಣಿ ನೋಡಿದೆವು. ಅದು ನಮ್ಮ ಅಭ್ಯಾಸ. ಟಕ್ ಟಕ್ ಬರುತ್ತದೆಂದು ಕಾದೆವು. ಬರಲಿಲ್ಲ. ಬಡಿಯುವವನು ಕೆಳಗಿದ್ದ. ಮೊದಲು ಬಾಯ್ಲರ್ ಮಾವನ ಮೂಗಿನಿಂದ ಪುಸ್ ಎಂದು ಗಾಳಿ ಹೊರಟಿತು, ಆಮೇಲೆ ಯಾರು ನಕ್ಕರು, ಯಾರು ಅತ್ತರು ಎಂದು ಹೇಳಲಾರೆ. ಒಗೆಯುವ ತೊಟ್ಟಿ ಹಿಡಿದುಕೊಂಡು ನಕ್ಕೆವು. ಬಾಯಿ ಮುಚ್ಚಿಕೊಂಡೇ ನಕ್ಕೆವು. ಬೋರ್ಡು ಇತ್ತಲ್ಲ.

ಅತ್ತೆ ಮಾತ್ರ ನಗಲಿಲ್ಲ. ಬಂದು, ಮಣಿಕಟ್ಟಿಗೆ ಇನ್ನೂ ಸುತ್ತಿಕೊಂಡಿದ್ದ ಲಾಡಿಯನ್ನು ಎಡಗೈಯಿಂದ ಹರಿದು ಅವನ ಕೈ ಬಿಡಿಸಿದಳು. ಆರು ದಿನದ ಮೇಲೆ ಆ ನೆಲಮಾಳಿಗೆಯಲ್ಲಿ ನಮ್ಮವರ ಪೈಕಿ ಮೊದಲು ಬಾಯಿ ತೆರೆದವಳು ಅವಳು.

“ಕೂಗಿದ್ರಲ್ಲ ಸಾರ್.”

“ಕೈ ಹೋಗ್ತಿತ್ತು,” ಅಂದ ಅವನು. ತನ್ನ ಬೆರಳನ್ನೇ ನೋಡುತ್ತಿದ್ದ.

“ಹೌದು, ಹೋಗತ್ತೆ. ನಾನು ಆವತ್ತು ಕೂಗಿರ್ಲಿಲ್ಲ ಸಾರ್. ಬೋರ್ಡು ಹಾಕಿದ್ರಲ್ಲ, ಕೂಗ್ಬಾರ್ದು ಅಂತ ತೋಳು ಕಚ್ಕೊಂಡೆ.” ಹಲ್ಲಿನ ಗುರುತು ತೋರಿಸಿದಳು. “ಯಾರ ಆದೇಶ ಸಾರ್ ಅದು?”

ಅವನು ಒಂದೊಂದೇ ಬೆರಳು ಮಡಚಿ ನೋಡಿಕೊಳ್ಳುತ್ತಿದ್ದ. ಐದೂ ಇದ್ದವು.

“ನಂದು,” ಅಂದ.

ಗುಮಾಸ್ತ ಬರೆದುಕೊಂಡ. ಗಂಟೆ, ತಾರೀಖು, ಹಾಜರಿದ್ದವರು ಒಂಬತ್ತು.

ಕೇಸು ಮತ್ತೆ ತೆರೆಯುತ್ತದೆಯೇ ಎಂದು ಕೇಳಬೇಡಿ. ಕಾನೂನು ಹಾಗೇ ಇದೆ, ಆ ರಿಜಿಸ್ಟರಿನ ಹಾಳೆ ಹಿಡಿದು ವಕೀಲಮ್ಮ ಇನ್ನೂ ಅಲೆಯುತ್ತಿದ್ದಾಳೆ. ನಮಗೆ ನೋಟೀಸು ಬಂತು, ಆದೇಶ ಪಾಲಿಸಿದ್ದಕ್ಕೆ ವಿವರಣೆ ಕೊಡಿ ಎಂದು. ಸದ್ಭಾವನೆಯಿಂದ ಪಾಲಿಸಿದೆವು ಎಂದು ಒಂದೇ ಸಾಲು ಬರೆದು ಒಂಬತ್ತು ಹೆಬ್ಬೆಟ್ಟು ಒತ್ತಿದೆವು. ಒಂದರಲ್ಲೂ ಗೆರೆ ಇರಲಿಲ್ಲ. ಅದೆಲ್ಲ ಆಮೇಲಿನ ಮಾತು.

ಆವತ್ತು ಇನ್ನೂ ಐವತ್ತೇಳು ಪರದೆ ಬಾಕಿ ಇದ್ದವು. ಅತ್ತೆ ಸ್ವಿಚ್ಚಿಗೆ ಹೋದಳು. ಸ್ವಿಚ್ಚಿನ ಅಕ್ಕ ಬಲಗಡೆಗೆ ಬಂದು ಒದ್ದೆ ಪರದೆಯ ಮೂಲೆ ಹಿಡಿದಳು. ಸಾಹೇಬ ಪಕ್ಕದಲ್ಲೇ ನಿಂತಿದ್ದ, ಹರಿದ ಲಾಡಿಯ ಚೂರು ಅವನ ಇನ್ನೊಂದು ಕೈಯ ಮುಷ್ಟಿಯಲ್ಲಿತ್ತು. ನಾನು ಬೋರ್ಡು ನೋಡಿದೆ. ಎದೆ ತುಂಬ ಹಬೆ ಎಳೆದುಕೊಂಡೆ.

“ಒಂದು,” ಅಂದೆ. “ಎರಡು.”

ಬಿಡು ಎಂದು ನಾನೊಬ್ಬಳೇ ಕೂಗಲಿಲ್ಲ. ಒಂಬತ್ತು ಜನ ಕೂಗಿದೆವು, ಬಾಯ್ಲರ್ ಮಾವ ಕೂಗಿದ, ಗುಮಾಸ್ತನ ತುಟಿಯೂ ಅಲ್ಲಾಡಿತು. ಸಾಹೇಬನ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಚೂರು ಕೆಳಗೆ ಬಿತ್ತು.